ವಾಗ್ದಾನವನ್ನು ಅದರ ಊರಲ್ಲೇ ಓದಿ: ಕ್ರಿಸ್ಮಸ್ ಕಾಲದ ಮನೆಕೂಟಗಳು ಕಲಿಸಿದ ಹತ್ತು ಪಾಠಗಳು

ಡಿಸೆಂಬರ್ ಬಂತೆಂದರೆ ನಂಜನಗೂಡಿನ ಪೇಟೆ ಮನೆಗಳಲ್ಲೂ ತಿ. ನರಸೀಪುರದ ಸುತ್ತಲಿನ ಹಳ್ಳಿಗಳಲ್ಲೂ ನಮ್ಮ ಮನೆಕೂಟಗಳು ಶುರುವಾಗುತ್ತವೆ. ನಾಲೆಯ ಕೆಳಗಿನ ಗದ್ದೆಗಳಲ್ಲಿ ಆಗ ಭತ್ತದ ಕೊಯ್ಲು, ಒಕ್ಕಣೆ. ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ ಶಿಫ್ಟಿನ ಗಡಿಬಿಡಿ. ಹೆಂಗಸರಿಗೆ ಕಜ್ಜಾಯ, ಕರ್ಜಿಕಾಯಿ, ರೋಸ್ ಕುಕೀಸಿನ ಚಿಂತೆ. ಇಷ್ಟರ ನಡುವೆಯೂ ಊಟಕ್ಕೆ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಂಡು ಹತ್ತು ಹದಿನೈದು ಜನ ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತಾರೆ. ಅವರಿಗೆ ಹಳೆಯ ಒಡಂಬಡಿಕೆಯ ವಾಗ್ದಾನಗಳನ್ನು ಓದಿಸಿ, ಬರಬೇಕಾದ ಮೆಸ್ಸೀಯನ ಗುರುತು ಎಲ್ಲೆಲ್ಲಿದೆ ಎಂದು ಜೊತೆಗೂಡಿ ಹುಡುಕುವುದು ನನ್ನ ಪಾಲಿಗೆ ಬಂದ ಕೆಲಸ.

ನಾನು ಸಂಡೇ ಸ್ಕೂಲ್ ಟೀಚರು, ಗುರುದೀಕ್ಷೆ ಪಡೆದವಳಲ್ಲ. ಆದರೂ ವರ್ಷ ವರ್ಷ ಅದೇ ಅಧ್ಯಾಯಗಳನ್ನು ಬೇರೆ ಬೇರೆ ಮನೆಗಳಲ್ಲಿ ಓದಿಸುತ್ತಾ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ವಾಗ್ದಾನ ಯಾರಿಗೆ ಬಂತು, ಯಾವ ಕಷ್ಟದಲ್ಲಿ ಬಂತು ಎಂದು ತಿಳಿಯದೆ ಅದನ್ನು ನೇರವಾಗಿ ಗೋದಲಿಯ ಮುಂದೆ ತಂದಿಟ್ಟರೆ ನಮಗೆ ಸಿಗುವುದು ಬರೀ ವಚನ. ಅದನ್ನು ಅದರ ಊರಲ್ಲೇ ಓದಿ ಆಮೇಲೆ ಬೇತ್ಲೆಹೇಮಿಗೆ ಬಂದರೆ ಮೆಸ್ಸೀಯನೇ ಎದುರಾಗುತ್ತಾನೆ. ಕೂಟ ನಡೆಸುವ ಇತರರಿಗೂ ಉಪಯೋಗವಾದೀತೆಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಪಟ್ಟಿ ಹಿಡಿದು ಕೂರಬೇಡಿ

ಹಬ್ಬ ಹತ್ತಿರವಾದಂತೆ ಎಲ್ಲರ ಮೊಬೈಲಿಗೂ ಒಂದು ಪಟ್ಟಿ ಬರುತ್ತದೆ. ಎಡಗಡೆ ಪ್ರವಾದನೆ, ಬಲಗಡೆ ನೆರವೇರಿಕೆ, ಕೆಳಗೆ ಒಂದು ದೊಡ್ಡ ಸಂಖ್ಯೆ. ಕೂಟದಲ್ಲಿ ಇದನ್ನು ಓದಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲರೂ ಆಮೆನ್ ಎನ್ನುತ್ತಾರೆ. ಮನೆಗೆ ಹೋಗುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ.

ಇಂಥ ಪಟ್ಟಿಗಳಿಗೆ ಘನವಾದ ಹಿನ್ನೆಲೆಯೂ ಇದೆ. ವಿಯೆನ್ನಾದ ಯೆಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾದ ಆಲ್ಫ್ರೆಡ್ ಎಡರ್‌ಶೈಮ್ ಎಂಬ ವಿದ್ವಾಂಸ 1883ರಲ್ಲಿ ಯೇಸುವಿನ ಜೀವನದ ಬಗ್ಗೆ ದೊಡ್ಡ ಗ್ರಂಥ ಬರೆದ. ಅದರ ಕೊನೆಯಲ್ಲಿ, ಹಳೆಯ ಯೆಹೂದಿ ರಬ್ಬಿಗಳು ಮೆಸ್ಸೀಯನಿಗೆ ಅನ್ವಯಿಸಿದ ಹಳೆಯ ಒಡಂಬಡಿಕೆಯ 456 ಭಾಗಗಳನ್ನು ಪಟ್ಟಿ ಮಾಡಿದ. ಆತ ಅವೆಲ್ಲವನ್ನೂ ಓದಿ, ಯಾರು ಎಲ್ಲಿ ಹೇಗೆ ಅರ್ಥಮಾಡಿದರೆಂದು ನೋಡಿ ಪಟ್ಟಿ ಮಾಡಿದವನು. ನಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಓದು ಸೋರಿಹೋಗಿ ಅಂಕಿ ಮಾತ್ರ ಉಳಿದಿರುತ್ತದೆ.

ಲೂಕನ ಸುವಾರ್ತೆಯ 24ನೇ ಅಧ್ಯಾಯ ನೋಡಿ. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಎಮ್ಮಾಹುವಿಗೆ ಇಬ್ಬರು ಶಿಷ್ಯರು ಸೋತ ಮುಖ ಹಾಕಿಕೊಂಡು ಹೋಗುತ್ತಿದ್ದಾರೆ. ಎದ್ದು ಬಂದ ಯೇಸು, ಗುರುತು ಸಿಗದ ದಾರಿಹೋಕನಂತೆ ಜೊತೆ ಸೇರಿ, ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ತನ್ನ ವಿಷಯ ಏನೇನಿದೆಯೆಂದು ವಿವರಿಸಿದನೆಂದು ಲೂಕ ಬರೆಯುತ್ತಾನೆ. ಆದರೆ ಯಾವ ಯಾವ ವಚನ ಎಂದು ಒಂದನ್ನೂ ಹೇಳುವುದಿಲ್ಲ. ಮೊದಲ ದಿನದ ಕೂಟದಲ್ಲಿ ನಾನು ಇದನ್ನೇ ಓದಿಸುತ್ತೇನೆ. ಲೂಕ ಪಟ್ಟಿ ಕೊಡಲಿಲ್ಲ, ದಾರಿ ತೋರಿಸಿದ. ನಡೆಯುವುದು ನಮ್ಮ ಕೆಲಸ.

2. ಒಂದು ವಚನ ಬೇಕಾದರೆ ಮೂರು ಅಧ್ಯಾಯ ಓದಿ

ಕ್ರಿಸ್ಮಸ್ ಕಾರ್ಡಿನಲ್ಲಿ ತಪ್ಪದೆ ಬರುವ ಇಮ್ಮಾನುವೇಲನ ವಚನ ಯೆಶಾಯನ 7ನೇ ಅಧ್ಯಾಯದ್ದು. ಅದನ್ನು ಅಧ್ಯಾಯದ ಮೊದಲಿನಿಂದ ಓದಿಸಿ ನೋಡಿ, ಕೂತವರ ಮುಖವೇ ಬದಲಾಗುತ್ತದೆ.

ಕ್ರಿ.ಪೂ. 735ರ ಸುಮಾರು. ಅರಾಮಿನ ರೆಚೀನ, ಇಸ್ರಾಯೇಲಿನ ಪೆಕಹ ಎಂಬ ಇಬ್ಬರು ಅರಸರು ಒಟ್ಟಾಗಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬರುತ್ತಿದ್ದಾರೆ. ಸುದ್ದಿ ಕೇಳಿ ಅರಸ ಆಹಾಜನ ಎದೆಯೂ ಪ್ರಜೆಗಳ ಎದೆಯೂ ಗಾಳಿಗೆ ಸಿಕ್ಕ ಕಾಡಿನ ಮರಗಳಂತೆ ಅಲ್ಲಾಡುತ್ತವೆ. ಯೆಶಾಯ ಅವನನ್ನು ಕಾಣುವುದು ಅರಮನೆಯಲ್ಲಲ್ಲ; ಮೇಲಿನ ಕೆರೆಯ ಕಾಲುವೆ ಮುಗಿಯುವಲ್ಲಿ, ಅಗಸರ ಹೊಲಕ್ಕೆ ಹೋಗುವ ದಾರಿಯಲ್ಲಿ. ಅರಸ ಅಲ್ಲಿ ಯಾಕೆ ನಿಂತಿದ್ದನೆಂದು ಬೈಬಲ್ ಹೇಳುವುದಿಲ್ಲ. ನಮ್ಮ ನಾಲೆ ಬಯಲಿನ ರೈತರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮುತ್ತಿಗೆ ಬಿದ್ದರೆ ಊರಿಗೆ ನೀರು ಉಳಿಯುತ್ತದಾ ಅಂತ ನೋಡೋಕೆ ಹೋಗಿರ್ತಾನೆ ಟೀಚರಮ್ಮ’ ಎಂದು ಒಬ್ಬ ಹಿರಿಯರು ಓದು ಮುಗಿಯುವ ಮೊದಲೇ ಹೇಳಿದ್ದರು. ವ್ಯಾಖ್ಯಾನಕಾರರು ಊಹಿಸುವುದೂ ಅದನ್ನೇ.

ಅಲ್ಲಿ ನಿಂತ ಆ ಹೆದರಿದ ಅರಸನಿಗೆ ಕೊಟ್ಟ ಗುರುತು ಇಮ್ಮಾನುವೇಲನೆಂಬ ಮಗು. ಮಗು ಕೆಟ್ಟದ್ದು ಒಳ್ಳೆಯದು ತಿಳಿಯುವಷ್ಟು ಬೆಳೆಯುವ ಮೊದಲೇ ಆ ಇಬ್ಬರು ಅರಸರ ನಾಡು ಪಾಳು ಬೀಳುತ್ತದೆ ಎಂಬುದು ಮಾತು. ಕ್ರಿ.ಪೂ. 732ರಲ್ಲಿ ಅಶ್ಶೂರದವರು ದಮಸ್ಕವನ್ನು ಹಿಡಿದರು. ಆದರೆ ಆಹಾಜ ದೇವರ ಮಾತಿಗೆ ಕಾಯಲಿಲ್ಲ. ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅಶ್ಶೂರದ ಅರಸನಿಗೆ ಕಪ್ಪ ಕಳಿಸಿದ.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಏಳುನೂರು ವರ್ಷ ಆದಮೇಲೆ ಹುಟ್ಟುವ ಮಗುವಿನಿಂದ ಆಹಾಜನಿಗೆ ಏನು ಧೈರ್ಯ? ಸರಿಯಾದ ಪ್ರಶ್ನೆ, ಅದನ್ನು ಮುಚ್ಚಿಹಾಕಬಾರದು. ಗುರುತು ಮೊದಲು ಆಹಾಜನ ಕಾಲಕ್ಕೇ ಸೇರಿದ್ದು. ದೇವರು ನಮ್ಮ ಸಂಗಡ ಇದ್ದಾನೆಂದು ಅಂದು ಒಂದು ಮಗುವಿನ ಹೆಸರಿನಲ್ಲಿ ಹೇಳಿದ ಮಾತು, ಮರಿಯಳ ಮಗನಲ್ಲಿ ತುಂಬಿ ಬಂತೆಂದು ಮತ್ತಾಯ ಸಾರುತ್ತಾನೆ. ಹೀಗೆ ಓದಿದವರಿಗೆ ಇನ್ನೊಂದು ವಿಷಯವೂ ಹೊಳೆಯುತ್ತದೆ: ವಾಗ್ದಾನ ಬಂದದ್ದು ನಂಬಿದವನಿಗಲ್ಲ, ನಂಬಲಾರದೆ ನಡುಗುತ್ತಿದ್ದವನಿಗೆ.

ಅಲ್ಲಿಂದ 9ನೇ ಅಧ್ಯಾಯದವರೆಗೂ ಬಿಡದೆ ಓದಬೇಕು. ಅಶ್ಶೂರದ ಕೈಗೆ ಮೊದಲು ಸಿಕ್ಕ ಜೆಬುಲೋನ್, ನಫ್ತಾಲಿ ಸೀಮೆಗಳ ಮೇಲೆಯೇ ಬೆಳಕು ಮೂಡುತ್ತದೆಂದು ಅಲ್ಲಿದೆ. ಮೊದಲು ತುಳಿತಕ್ಕೊಳಗಾದ ನಾಡಿಗೇ ಮೊದಲು ಬೆಳಕು. ಯೇಸು ಆ ಗಲಿಲಾಯದಲ್ಲಿ ಕೆಲಸ ಶುರುಮಾಡಿದಾಗ ಮತ್ತಾಯನಿಗೆ ಈ ಭಾಗ ನೆನಪಾದದ್ದು ಸುಮ್ಮನೆ ಅಲ್ಲ.

3. ವಂಶಾವಳಿಯನ್ನು ಹಾರಿಸಬೇಡಿ

ಮತ್ತಾಯನ ಮೊದಲ ಅಧ್ಯಾಯದ ಹೆಸರುಗಳು ಬಂದ ಕೂಡಲೇ ಓದುವವರು ಮುಂದಕ್ಕೆ ಜಿಗಿಯುತ್ತಾರೆ. ನಾನು ಬಿಡುವುದಿಲ್ಲ. ನಮ್ಮ ನಾಡಿನಲ್ಲಿ ಹೆಳವರು ಎತ್ತಿನ ಮೇಲೆ ಮನೆಬಾಗಿಲಿಗೆ ಬಂದು ವಂಶದ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುತ್ತಿದ್ದರು. ಮತ್ತಾಯ ಮಾಡುವುದೂ ಆ ಕೆಲಸವನ್ನೇ. ಅಬ್ರಹಾಮನಿಂದ ದಾವೀದನಿಗೆ, ದಾವೀದನಿಂದ ಬಾಬೆಲಿನ ಸೆರೆಗೆ, ಸೆರೆಯಿಂದ ಕ್ರಿಸ್ತನಿಗೆ ಹದಿನಾಲ್ಕು ಹದಿನಾಲ್ಕು ತಲೆ ಎಂದು ಮೂರು ಕಟ್ಟು ಕಟ್ಟುತ್ತಾನೆ. ವ್ಯತ್ಯಾಸ ಇರುವುದು ಒಂದೇ ಕಡೆ. ಮನೆತನದವರು ಮುಚ್ಚಿಡಬೇಕೆನ್ನುವ ಹೆಸರುಗಳನ್ನೇ ಮತ್ತಾಯ ಎತ್ತಿ ಹೇಳುತ್ತಾನೆ. ಮರಿಯಳಿಗೆ ಮುಂಚೆ ನಾಲ್ವರು ಹೆಂಗಸರು: ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿ. ಕೊನೆಯವಳ ಹೆಸರು ಬತ್ಷೆಬೆ ಎನ್ನದೆ ಊರೀಯನ ಹೆಂಡತಿ ಎಂದೇ ಬರೆದು ದಾವೀದನ ಪಾಪವನ್ನೂ ಪಟ್ಟಿಯಲ್ಲಿ ನಿಲ್ಲಿಸಿಬಿಟ್ಟಿದ್ದಾನೆ.

ಈ ನಾಲ್ವರಲ್ಲಿ ರೂತಳ ಕಥೆಗೆ ಒಂದು ಇಡೀ ಸಂಜೆ ಕೊಡಬೇಕು. ನಾಲ್ಕೇ ಅಧ್ಯಾಯ. ತಿ. ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಇದನ್ನು ಓದಿಸುತ್ತಿದ್ದಾಗ, ಬೋವಜ ತನ್ನ ಕೊಯ್ಲಿನ ಆಳುಗಳಿಗೆ ಸಿವುಡಿನಿಂದ ಒಂದಿಷ್ಟು ತೆನೆ ಬೇಕೆಂದೇ ಕಿತ್ತು ಬೀಳಿಸಿರೆಂದು ಹೇಳುವ ಜಾಗ ಬಂತು. ಆ ಹಗಲು ಕೊಯ್ಲಿಗೆ ಹೋಗಿ ಬಂದಿದ್ದ ಹೆಂಗಸೊಬ್ಬರು ಓದನ್ನು ತಡೆದು ಪಕ್ಕದವರಿಗೆ ಹೇಳಿದರು: ‘ಹಕ್ಕಲು ಆಯೋರ ಮಾನ ಕಾಯೋದು ಅಂದ್ರೆ ಹಿಂಗೆ ಕಣಕ್ಕ. ಕರೆದು ಕೊಟ್ರೆ ಭಿಕ್ಷೆ ಆಯ್ತದೆ. ಬಿದ್ದದ್ದು ಆಯ್ಕೊಂಡ್ರೆ ದುಡಿಮೆ ಆಯ್ತದೆ.’ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಕಟ್ಟಳೆ ಇದೆ. ಆ ಕಟ್ಟಳೆಯಿಂದ ಹೊಟ್ಟೆ ತುಂಬಿಸಿಕೊಂಡ ಮೋವಾಬಿನ ವಿಧವೆ ಬೇತ್ಲೆಹೇಮಿನಲ್ಲಿ ಬೋವಜನ ಕೈಹಿಡಿದಳು. ಅವಳ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ದಾವೀದ.

ಮೆಸ್ಸೀಯ ಬಂದದ್ದು ಅರಸನ ವಂಶದಿಂದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಅರಸನ ವಂಶ ಉಳಿದದ್ದು ಹಕ್ಕಲಾಯ್ದ ಪರದೇಶದ ಸೊಸೆಯಿಂದ. ಜೊತೆಯಲ್ಲೇ ಯಾಜಕಕಾಂಡದ ಆ ಭಾಗವನ್ನೂ ಓದಿಸಿದರೆ, ಇಲ್ಲಿ ಯಾವ ಪ್ರವಾದನೆಯ ವಚನವೂ ಇಲ್ಲದೆ ವಾಗ್ದಾನ ಹೇಗೆ ನಡೆದು ಬಂತೆಂದು ಗೊತ್ತಾಗುತ್ತದೆ.

4. ವಾಗ್ದಾನ ಮುರಿದಂತೆ ಕಂಡ ಕಡೆ ಸ್ವಲ್ಪ ಹೊತ್ತು ನಿಲ್ಲಿ

ದಾವೀದನ ಸಿಂಹಾಸನ ಎಂದೆಂದಿಗೂ ನಿಲ್ಲುವುದೆಂಬ ಮಾತು ಎರಡನೇ ಸಮುವೇಲನ 7ನೇ ಅಧ್ಯಾಯದಲ್ಲಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಅರಸನನ್ನು ಸೆರೆ ಒಯ್ದರು. ಸಿಂಹಾಸನವೇ ಹೋಯಿತು. ಈ ಎರಡರ ನಡುವಿನ ನೋವು ಗೊತ್ತಿಲ್ಲದಿದ್ದರೆ ಜನ ಮೆಸ್ಸೀಯನಿಗಾಗಿ ಅಷ್ಟು ಹಂಬಲಿಸಿ ಕಾದದ್ದೇಕೆಂದು ಅರ್ಥವಾಗುವುದಿಲ್ಲ.

ಇದಕ್ಕೆ 89ನೇ ಕೀರ್ತನೆಯನ್ನು ಪೂರ್ತಿ ಓದಿ. ಮೊದಲ 37 ವಚನ ದಾವೀದನೊಡನೆ ದೇವರು ಮಾಡಿದ ಒಡಂಬಡಿಕೆಯ ಹೊಗಳಿಕೆ. 38ನೇ ವಚನದಲ್ಲಿ ಧಾಟಿ ಒಮ್ಮೆಲೇ ತಿರುಗುತ್ತದೆ: ನೀನೇ ಅವನನ್ನು ತಳ್ಳಿಬಿಟ್ಟೆ, ಕಿರೀಟವನ್ನು ನೆಲಕ್ಕೆ ಹಾಕಿದೆ, ಆಣೆಯಿಟ್ಟ ಆ ಪ್ರೀತಿ ಈಗ ಎಲ್ಲಿ ಎಂದು ದೇವರನ್ನೇ ಕೇಳುತ್ತದೆ. ಆ ಪ್ರಶ್ನೆಗೆ ಕೀರ್ತನೆಯೊಳಗೆ ಉತ್ತರ ಬರುವುದಿಲ್ಲ. ಕೊನೆಯಲ್ಲಿ ಒಂದು ಸ್ತುತಿವಾಕ್ಯವಷ್ಟೇ ಬರುತ್ತದೆ.

ಆ ವರ್ಷ ಸಾವು ಕಂಡ ಮನೆಯಲ್ಲಿ, ಸಾಲದಲ್ಲಿ ಬಿದ್ದ ಮನೆಯಲ್ಲಿ ಕೂಟ ಇದ್ದರೆ ನಾನು ಆರಿಸುವುದು ಈ ಕೀರ್ತನೆಯನ್ನೇ. ಅಂಥವರಿಗೆ ಡಿಸೆಂಬರಿನ ಸಂಭ್ರಮದ ಹಾಡು ಭಾರವಾಗುತ್ತದೆ. ಬೈಬಲಿನಲ್ಲೇ ಇಂಥ ದೂರು ಇದೆ, ಅದನ್ನು ಹಾಡಾಗಿ ಹಾಡಿದರು ಎಂದು ತಿಳಿದಾಗ ಅವರೂ ಬಾಯಿ ಬಿಡುತ್ತಾರೆ.

5. ವಚನ ಬಾಯಿಗೆ ಬಂದವರೆಲ್ಲ ಬೇತ್ಲೆಹೇಮಿಗೆ ಹೋಗಲಿಲ್ಲ

ಮತ್ತಾಯನ 2ನೇ ಅಧ್ಯಾಯದಲ್ಲಿ ನನ್ನನ್ನು ಪ್ರತಿವರ್ಷ ಚುಚ್ಚುವ ಜಾಗ ಒಂದಿದೆ. ಮೂಡಣ ದೇಶದ ಜೋಯಿಸರು ಬಂದು ಯೆಹೂದ್ಯರ ಅರಸನಾಗಿ ಹುಟ್ಟಿದವನೆಲ್ಲಿ ಎಂದು ಕೇಳುತ್ತಾರೆ. ಹೆರೋದ ಮಹಾಯಾಜಕರನ್ನೂ ಶಾಸ್ತ್ರಿಗಳನ್ನೂ ಕರೆಸುತ್ತಾನೆ. ಅವರು ತಡವರಿಸದೆ ಮೀಕನ 5ನೇ ಅಧ್ಯಾಯ ಹೇಳಿ ಬೇತ್ಲೆಹೇಮ್ ಎನ್ನುತ್ತಾರೆ. ಉತ್ತರ ಸರಿ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಸುಮಾರು 9 ಕಿಲೋಮೀಟರ್. ಹೊರಟವರು ಜೋಯಿಸರು ಮಾತ್ರ. ಶಾಸ್ತ್ರಿಗಳಲ್ಲಿ ಒಬ್ಬನೂ ಹೋದನೆಂದು ಮತ್ತಾಯ ಬರೆದಿಲ್ಲ. ಅದೇ ವಚನವನ್ನು ಹೆರೋದ ಮಕ್ಕಳನ್ನು ಕೊಲ್ಲಿಸಲು ಬಳಸಿಕೊಂಡ.

ಬೈಬಲ್ ಕ್ವಿಜ್‌ನಲ್ಲಿ ಬಹುಮಾನ ಗೆಲ್ಲುವ ಹುಡುಗರಿಗೆ ಈ ಭಾಗ ಚೆನ್ನಾಗಿ ನಾಟುತ್ತದೆ. ‘ಹಾಗಾದ್ರೆ ಆನ್ಸರ್ ಗೊತ್ತಿದ್ದೂ ಫೇಲಾದ್ರು’ ಎಂದು ನಂಜನಗೂಡಿನ ಹುಡುಗನೊಬ್ಬ ತೀರ್ಪು ಕೊಟ್ಟಿದ್ದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮೀಕನನ್ನೂ ಅವನ ಊರಲ್ಲೇ ಓದಬೇಕು. ಅವನು ರಾಜಧಾನಿಯವನಲ್ಲ, ಮೋರೆಷೆತ್ ಎಂಬ ಊರಿನವನು. ದೊಡ್ಡವರು ಬಡವರ ಹೊಲ ಮನೆ ಕಬಳಿಸುವುದನ್ನು 2ನೇ ಅಧ್ಯಾಯದಲ್ಲಿ ನೇರವಾಗಿ ಬೈಯುತ್ತಾನೆ. ಅದನ್ನು ಓದಿದ ಮೇಲೆ 5ನೇ ಅಧ್ಯಾಯದಲ್ಲಿ ಸಣ್ಣ ಊರಿನಿಂದ ಬರುವ ಅರಸ ಮಂದೆ ಕಾಯುವವನಾಗಿರುತ್ತಾನೆಂಬ ಮಾತಿಗೆ ತೂಕ ಬರುತ್ತದೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಕುರಿಗೆ ದೇಶದಲ್ಲೇ ಹೆಸರಿದೆ. ಕಾಲು ಗಿಡ್ಡ, ಮೈ ಗುಂಡು. ಕುರಿ ಸಾಕಿದ ಮನೆಯವರನ್ನು ಕೇಳಿ, ಮಂದೆ ಕಾಯುವುದೆಂದರೆ ಏನೆಂದು ಹೇಳುತ್ತಾರೆ: ರಾತ್ರಿ ನಿದ್ದೆ ಕೆಡುವುದು, ಕುಂಟುವ ಮರಿಯನ್ನು ಹೆಗಲಿಗೆ ಹಾಕಿಕೊಳ್ಳುವುದು, ಮಳೆಯಲ್ಲಿ ಗೊರಸು ಕೊಳೆಯದಂತೆ ನೋಡುವುದು. ಮೀಕನ ಅರಸನ ಬಗ್ಗೆ ಪ್ರಸಂಗ ಮಾಡುವ ಮೊದಲು ಅವರಿಗೆ ಐದು ನಿಮಿಷ ಮಾತಾಡಲು ಬಿಡುವುದು ಒಳ್ಳೆಯದು.

6. ಮರಿಯಳ ಹಾಡಿನ ಪಕ್ಕ ಹನ್ನಳ ಹಾಡನ್ನಿಡಿ

ಲೂಕನ ಮೊದಲ ಅಧ್ಯಾಯದ ಮರಿಯಳ ಹಾಡನ್ನು ಆರಾಧನೆಯಲ್ಲಿ ಹೇಳಿ ಹೇಳಿ ನಮ್ಮ ಬಾಯಿಗೆ ಸವೆದುಹೋಗಿದೆ. ಅದನ್ನು ಮತ್ತೆ ಹೊಸದಾಗಿ ಕೇಳಿಸಬೇಕಾದರೆ ಮೊದಲನೇ ಸಮುವೇಲನ 2ನೇ ಅಧ್ಯಾಯದ ಹನ್ನಳ ಹಾಡನ್ನು ಮೊದಲು ಓದಿಸಿ. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಓದಲಿ. ಬಲಿಷ್ಠರ ಬಿಲ್ಲು ಮುರಿಯುವುದು, ಹಸಿದವರ ಹೊಟ್ಟೆ ತುಂಬುವುದು, ತಿಪ್ಪೆಯಲ್ಲಿದ್ದವನು ಪ್ರಭುಗಳ ಸಾಲಿನಲ್ಲಿ ಕೂರುವುದು ಹನ್ನಳಲ್ಲೇ ಇವೆ. ಮರಿಯಳು ಅದೇ ದಾರಿಯಲ್ಲಿ ಹೆಜ್ಜೆಯಿಟ್ಟು ಹಾಡುತ್ತಾಳೆ.

ಹನ್ನಳ ಹಾಡಿನ ಕೊನೆ ಗಮನಿಸಿ. ದೇವರು ತನ್ನ ಅರಸನಿಗೆ, ತಾನು ಅಭಿಷೇಕಿಸಿದವನಿಗೆ ಬಲ ಕೊಡುವನೆಂದು ಮುಗಿಯುತ್ತದೆ. ಆಗ ಇಸ್ರಾಯೇಲಿಗೆ ಅರಸನೇ ಇರಲಿಲ್ಲ. ಮೊದಲ ಇಬ್ಬರು ಅರಸರನ್ನು ಅಭಿಷೇಕಿಸಬೇಕಾದ ಸಮುವೇಲ ಆಗಷ್ಟೇ ಹಾಲು ಬಿಟ್ಟ ಮಗು. ಅಭಿಷಿಕ್ತನ ಬಗೆಗಿನ ಮಾತು ಅರಮನೆಗಿಂತ ಮೊದಲು ಮಕ್ಕಳಿಲ್ಲವೆಂದು ಸವತಿಯಿಂದ ಮಾತು ಕೇಳಿ ಅತ್ತ ಹೆಂಗಸಿನ ಬಾಯಲ್ಲಿ ಬಂತು. ಇದನ್ನು ಹೇಳುವಾಗ ನಡುಮನೆಯ ಹಿಂದಿನ ಸಾಲಿನಲ್ಲಿ ಕೂತ ಹೆಂಗಸರು ಮುಂದಕ್ಕೆ ಸರಿದು ಕೂರುವುದನ್ನು ನೋಡಿದ್ದೇನೆ.

7. ‘ಇದು ಯಾರ ವಿಷಯ?’ ಎಂಬ ಪ್ರಶ್ನೆಗೆ ಹೆದರಬೇಡಿ

ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನ 53ನೇ ಅಧ್ಯಾಯ ಓದುತ್ತಿದ್ದಾನೆ. ಪ್ರವಾದಿ ಇದನ್ನು ತನ್ನ ವಿಷಯ ಹೇಳಿದನೋ ಬೇರೊಬ್ಬನ ವಿಷಯವೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಇಡೀ ಬೈಬಲಿನಲ್ಲಿ ವಾಗ್ದಾನ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಫಿಲಿಪ್ಪ ಅವನನ್ನು ಗದರಿಸಲಿಲ್ಲ. ಆ ಪ್ರಶ್ನೆಯಿಂದಲೇ ಶುರುಮಾಡಿ ಯೇಸುವಿನ ಸುವಾರ್ತೆ ಹೇಳಿದ.

ಕಾಲೇಜು ಹುಡುಗರು ಕೂಟಕ್ಕೆ ಬಂದರೆ ಎರಡು ಪ್ರಶ್ನೆ ಖಾಯಂ. ಮೊದಲನೆಯದು: ಇದನ್ನೆಲ್ಲ ಯೇಸು ಹುಟ್ಟಿದ ಮೇಲೆ ಬರೆದು ಸೇರಿಸಿರಬಹುದಲ್ಲ? ಇದಕ್ಕೆ ಉತ್ತರ ಸಿದ್ಧವಿರಬೇಕು. 1947ರ ಸುಮಾರಿಗೆ ಮೃತ ಸಮುದ್ರದ ದಂಡೆಯ ಕುಮ್ರಾನಿನ ಗವಿಯೊಂದರಲ್ಲಿ ಬೆದುಯಿನ್ ಕುರಿಗಾಹಿಗಳಿಗೆ ಜಾಡಿಗಳೊಳಗೆ ಚರ್ಮದ ಸುರುಳಿಗಳು ಸಿಕ್ಕವು. ಅವುಗಳಲ್ಲಿ ಒಂದು ಯೆಶಾಯನ ಪುಸ್ತಕ. ಉದ್ದ ಸುಮಾರು 7.3 ಮೀಟರ್, 66 ಅಧ್ಯಾಯಗಳೂ ಇವೆ. ಅದು ಯೇಸುವಿಗಿಂತ ನೂರು ವರ್ಷಕ್ಕೂ ಹಿಂದಿನದೆಂದು ವಿದ್ವಾಂಸರು ಎಣಿಸುತ್ತಾರೆ. 53ನೇ ಅಧ್ಯಾಯ ಅದರಲ್ಲಿದೆ.

ಎರಡನೆಯದು ಇನ್ನೂ ಗಟ್ಟಿ ಪ್ರಶ್ನೆ: ಯೆಹೂದ್ಯರೇ ಇದನ್ನು ಯೇಸುವಿನ ವಿಷಯ ಎಂದು ಒಪ್ಪುವುದಿಲ್ಲವಲ್ಲ? ನಿಜ. ಆ 53ನೇ ಅಧ್ಯಾಯದ ನೊಂದ ಸೇವಕನೆಂದರೆ ಇಸ್ರಾಯೇಲ್ ಜನಾಂಗವೇ ಎಂದು ಅವರಲ್ಲಿ ಬಹಳ ಜನ ಓದುತ್ತಾರೆ. ಯೆಶಾಯನ 41, 44, 49ನೇ ಅಧ್ಯಾಯಗಳಲ್ಲಿ ಸೇವಕನನ್ನು ಇಸ್ರಾಯೇಲ್ ಎಂದೇ ಕರೆದಿರುವುದರಿಂದ ಆ ಓದಿಗೆ ಆಧಾರವೂ ಇದೆ. ಇದನ್ನು ಮರೆಮಾಚದೆ ಹೇಳುತ್ತೇನೆ. ಜನಾಂಗ ಹೊರಬೇಕಾದ ಕೆಲಸವನ್ನು ಅದರೊಳಗಿಂದ ಬಂದ ಒಬ್ಬನು ಹೊತ್ತ ಎಂಬುದು ನಮ್ಮ ನಂಬಿಕೆ. ಶಾಸ್ತ್ರ ಮೊದಲು ಅವರದು, ನಾವು ಆಮೇಲೆ ಬಂದ ಓದುಗರು. ಅವರನ್ನು ಕುರುಡರೆನ್ನುವ ಪ್ರಸಂಗ ಕ್ರಿಸ್ಮಸಿಗೆ ಶೋಭಿಸುವುದಿಲ್ಲ.

8. ಎಲ್ಲಿ ನಿಲ್ಲಿಸಬೇಕೆಂದು ಯೇಸುವಿನಿಂದ ಕಲಿಯಿರಿ

ಲೂಕನ 4ನೇ ಅಧ್ಯಾಯದಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ಯೆಶಾಯನ ಸುರುಳಿ ಬಿಚ್ಚಿ ಓದುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕರ್ತನ ಮೆಚ್ಚಿಕೆಯ ವರ್ಷ. ಅಷ್ಟಕ್ಕೆ ನಿಲ್ಲಿಸಿ ಸುರುಳಿ ಸುತ್ತಿ ಕೂರುತ್ತಾನೆ. ಈಗ ಯೆಶಾಯನ 61ನೇ ಅಧ್ಯಾಯ ತೆರೆದು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ಅದೇ ವಾಕ್ಯ ದೇವರು ಮುಯ್ಯಿ ತೀರಿಸುವ ದಿನದ ಕಡೆಗೆ ಮುಂದುವರಿಯುತ್ತದೆ. ಯೇಸು ವಾಕ್ಯದ ನಡುವೆಯೇ ನಿಲ್ಲಿಸಿದ್ದಾನೆ. ಇದನ್ನು ಬಾಯಲ್ಲಿ ಹೇಳುವ ಬದಲು ಇಬ್ಬರ ಕೈಯಲ್ಲಿ ಓದಿಸಿ. ಒಬ್ಬರು ನಿಂತಾಗ ಇನ್ನೊಬ್ಬರು ಮುಂದುವರಿದರೆ ವ್ಯತ್ಯಾಸ ಕಿವಿಗೇ ಬೀಳುತ್ತದೆ.

ಎಲ್ಲ ವಾಗ್ದಾನವೂ ಬೇತ್ಲೆಹೇಮಿನಲ್ಲೇ ತೀರಿತೆಂದು ಹೇಳಬಾರದು. ಯೆಶಾಯನ 2ನೇ ಅಧ್ಯಾಯದ ಕತ್ತಿಗಳು ಇನ್ನೂ ಗುಳಗಳಾಗಿಲ್ಲ. 11ನೇ ಅಧ್ಯಾಯದ ತೋಳ ಕುರಿಮರಿಯ ಜೊತೆ ವಾಸಕ್ಕೆ ಬಂದಿಲ್ಲ. ಕ್ರಿಸ್ಮಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ಸಭೆ ಹಿಂದಿನಿಂದ ಆಚರಿಸಿಕೊಂಡು ಬಂದಿರುವುದು ಬಂದವನನ್ನು ನೆನೆಯುವುದಕ್ಕೂ ಬರುವವನನ್ನು ಕಾಯುವುದಕ್ಕೂ. ನೆರವೇರದೆ ಉಳಿದದ್ದನ್ನು ನೆರವೇರಿತೆಂದರೆ ಪತ್ರಿಕೆ ಓದುವ ಯಾವ ಹುಡುಗನೂ ನಂಬುವುದಿಲ್ಲ.

9. ನೆರೆಯವರ ಶಾಸ್ತ್ರದಿಂದ ವಚನ ಕೀಳಬೇಡಿ

ನಂಜನಗೂಡು ಶ್ರೀಕಂಠೇಶ್ವರನ ಊರು. ತಿ. ನರಸೀಪುರ ಗುಂಜಾ ನರಸಿಂಹಸ್ವಾಮಿಯ ಊರು. ಕ್ಯಾರಲ್ಸ್ ಹಾಡುತ್ತಾ ಬೀದಿಗೆ ಬಂದರೆ ಬಾಗಿಲಿಗೆ ಬಂದು ನಿಂತು ಕೇಳುವವರೂ ಹಬ್ಬದ ದಿನ ತಟ್ಟೆ ತುಂಬ ತಿಂಡಿ ಹಂಚಿಕೊಳ್ಳುವವರೂ ಬೇರೆ ನಂಬಿಕೆಯ ನೆರೆಯವರೇ. ಅವರ ಮುಂದೆ ವೇದದ ಪ್ರಜಾಪತಿಯೇ ಯೇಸು ಎಂದು ಸಾಧಿಸುವ ಪ್ರಸಂಗಗಳುಂಟು. ಅದು ಅಧ್ಯಾಯ ಬಿಟ್ಟು ವಚನ ಕೀಳುವ ಕೆಲಸವೇ, ಅದೂ ಪರರ ಹೊಲದಲ್ಲಿ. ನಮ್ಮ ಶಾಸ್ತ್ರವನ್ನು ಯಾರಾದರೂ ಹಾಗೆ ತುಂಡು ಮಾಡಿದರೆ ನಮಗೂ ಸಿಟ್ಟು ಬರುತ್ತದೆ.

‘ನಿಮ್ಮ ಯೇಸು ಅವತಾರವಾ ಮೇಡಂ?’ ಎಂದು ಕೇಳಿದವರಿಗೆ ನಾನು ವಾದ ಹೂಡುವುದಿಲ್ಲ, ಕಥೆ ಹೇಳುತ್ತೇನೆ. ಒಂದು ಸಣ್ಣ ಜನಾಂಗ, ಅದಕ್ಕೆ ಕೊಟ್ಟ ಮಾತು, ಹೋದ ಸಿಂಹಾಸನ, ನೂರಾರು ವರ್ಷದ ಕಾಯುವಿಕೆ, ಕೊನೆಗೆ ಗೋದಲಿಯಲ್ಲಿ ಒಂದು ಮಗು. ನಮ್ಮ ಸೀಮೆಯ ಜನಕ್ಕೆ ಕಥೆ ಕೇಳುವ ತಾಳ್ಮೆ ಬಹಳ. ಮಂಟೇಸ್ವಾಮಿಯ ನೀಲಗಾರರೂ ಮಾದೇಶ್ವರನ ಕಂಸಾಳೆಯವರೂ ರಾತ್ರಿಯಿಡೀ ಹಾಡಿದ್ದನ್ನು ಬೆಳಗಿನವರೆಗೆ ಕೂತು ಕೇಳಿದವರು ಇಲ್ಲಿಯವರು. ಫರ್ಡಿನಾಂಡ್ ಕಿಟ್ಟೆಲ್ ಕೂಡ 1862ರಲ್ಲಿ ಯೇಸುವಿನ ಬದುಕನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲಿ ಬರೆದದ್ದು ಈ ಕಿವಿಯನ್ನು ಅರಿತೇ ಇರಬೇಕು.

10. ಹಬ್ಬದ ತಿಂಗಳಿಗೆ ಆಗುವಷ್ಟೇ ಓದು, ಆದರೆ ಗಟ್ಟಿಯಾಗಿ

ಎಲ್ಲವನ್ನೂ ಒಂದೇ ಡಿಸೆಂಬರಿಗೆ ತುರುಕಬಾರದು. ನಾನು ಹೀಗೆ ಹಂಚಿಕೊಳ್ಳುತ್ತೇನೆ. ಮೊದಲ ವಾರ ಲೂಕ 24, ಆಮೇಲೆ ಯೆಶಾಯ 7ರಿಂದ 9. ಎರಡನೇ ವಾರ ರೂತಳ ಪುಸ್ತಕ ಪೂರ್ತಿ, ಜೊತೆಗೆ ಮತ್ತಾಯ 1. ಮೂರನೇ ವಾರ 89ನೇ ಕೀರ್ತನೆ, ಮೀಕನ 2 ಮತ್ತು 5, ಮತ್ತಾಯ 2. ನಾಲ್ಕನೇ ವಾರ ಮೊದಲನೇ ಸಮುವೇಲ 1 ಮತ್ತು 2, ಲೂಕ 1 ಮತ್ತು 2. ಯೆಶಾಯ 53, ಕಂಚುಕಿಯ ಕಥೆ, ನಜರೇತಿನ ಓದು ಇವನ್ನು 26ರಿಂದ ಹೊಸ ವರ್ಷದೊಳಗಿನ ಸಂಜೆಗಳಿಗೆ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಮನೆ ತಿಂಡಿಯ ಗಲಾಟೆ ಮುಗಿದು ಜನರಿಗೂ ಬಿಡುವಿರುತ್ತದೆ.

ಓದುವವರನ್ನು ಹಿಂದಿನ ದಿನವೇ ಗೊತ್ತುಮಾಡಿ ಒಮ್ಮೆ ಓದಿಸಿ ನೋಡಿ. ಚರ್ಚಿನಲ್ಲಿ ಒಂಬತ್ತು ಪಾಠಗಳ ಕ್ಯಾರಲ್ ಆರಾಧನೆ ಇದ್ದರೆ ಇದು ಇನ್ನೂ ಮುಖ್ಯ. 1880ರಲ್ಲಿ ಇಂಗ್ಲೆಂಡಿನ ಟ್ರೂರೋದಲ್ಲಿ ಶುರುವಾಗಿ, 1918ರಿಂದ ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನ ಮೂಲಕ ಹೆಸರಾದ ಆ ಕ್ರಮ ಏದೆನ್ ತೋಟದಿಂದ ಹೊರಟು ಅಬ್ರಹಾಮ, ಯೆಶಾಯರ ಮೂಲಕ ಬೇತ್ಲೆಹೇಮಿಗೆ ಬರುವಂತೆ ಕಟ್ಟಿದ್ದು. ಹಾಡು ಚೆನ್ನಾಗಿ ಅಭ್ಯಾಸ ಮಾಡಿ ಪಾಠವನ್ನು ಅವಸರದಲ್ಲಿ ಓದಿದರೆ ಆ ದಾರಿಯೇ ಕಾಣಿಸುವುದಿಲ್ಲ.

ಕೈಯಲ್ಲಿ ಎರಡು ಅನುವಾದ ಇರಲಿ: ಹಿರಿಯರಿಗೆ ಬಾಯಿಪಾಠವಾಗಿರುವ ಹಳೆಯ ಸತ್ಯವೇದ ಒಂದು, ಹುಡುಗರಿಗೆ ತಿಳಿಯುವ ಸರಳ ಕನ್ನಡದ್ದು ಇನ್ನೊಂದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ರಲ್ಲಿ. ಅಲ್ಲಿಂದ ಇಲ್ಲಿಗೆ ಎಷ್ಟೋ ಸಲ ತಿದ್ದುಪಡಿಯಾಗಿ ಬಂದ ಪುಸ್ತಕ ನಮ್ಮ ಮನೆಗಳ ಕಪಾಟಿನಲ್ಲಿದೆ. ಅದನ್ನು ಇಳಿಸಿ ತೆರೆಯಬೇಕಷ್ಟೆ.

ಕೂಟ ಫಲಿಸಿತೋ ಇಲ್ಲವೋ ತಿಳಿಯಲು ನನ್ನಲ್ಲಿ ಒಂದೇ ಅಳತೆ ಇದೆ. ಪ್ರಾರ್ಥನೆ ಮುಗಿದು ಕಾಫಿ ಬರುವ ಹೊತ್ತಿಗೆ ಯಾರಾದರೂ ‘ಇದರ ಹಿಂದಿನ ಅಧ್ಯಾಯದಲ್ಲಿ ಏನಿದೆ ಟೀಚರಮ್ಮ?’ ಎಂದು ಕೇಳಿದರೆ ಆ ಸಂಜೆಯ ಕೆಲಸ ಆಯಿತೆಂದು ಲೆಕ್ಕ. ಮುಂದಿನ ವಾರ ಅವರನ್ನೇ ಓದಲು ಕೂರಿಸಿ.